ಪೆತ್ರೊವಿಚ್ ಎಂಬ ಹೆಸರಿನ ಬಾಲ ಕತ್ತರಿಸಬೇಡಿ

ಮಾನ್ಯ ಸಂಪಾದಕರೇ,

ಜೂನ್ 7ರ ನಿಮ್ಮ ಕ್ರೀಡಾಪುಟದಲ್ಲಿ ಕ್ರೊಯೇಷಿಯಾದ ಬಾಸ್ಕೆಟ್‌ಬಾಲ್ ಆಟಗಾರ ದ್ರಾಝೆನ್ ಪೆತ್ರೊವಿಚ್‌ನ ಸ್ಮರಣೆಗಾಗಿ ಪ್ರಕಟವಾದ ಬರಹವನ್ನು ಸಂತೋಷದಿಂದ ಓದಿದೆ. ನಮ್ಮ ಕರಾವಳಿಯಲ್ಲಿ ಕ್ರಿಕೆಟ್ಟಿಗೂ ಕಬಡ್ಡಿಗೂ ಕಂಬಳಕ್ಕೂ ಸಿಗುವ ಜಾಗದ ಕಾಲುಪಾಲೂ ಸಿಗದ ಆಟವೊಂದಕ್ಕೆ, ಅದರಲ್ಲೂ ತೀರಿಕೊಂಡು ಮೂರು ದಶಕ ಕಳೆದ ಆಟಗಾರನೊಬ್ಬನಿಗೆ, ಅರ್ಧ ಪುಟವನ್ನು ಮೀಸಲಿಟ್ಟದ್ದಕ್ಕೆ ಮೊದಲು ನನ್ನ ವಂದನೆಗಳು. ಆದರೆ ತಲೆಬರಹದಲ್ಲಿ 'ಪೆಟ್ರೊವಿಕ್' ಎಂದಿದ್ದ ಅವನ ಹೆಸರು ಬರಹದ ಒಳಗೆ ಎರಡು ಕಡೆ 'ಪೆಟ್ರೋವಿಚ್' ಆಗಿ, ಚಿತ್ರದ ಕೆಳಗೆ 'ಪೆಟ್ರೋವಿಸ್' ಆಗಿತ್ತು. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಪಕ್ಕದ ಚೌಕಟ್ಟಿನಲ್ಲಿ 'ಹೆಸರಾಂತ ಪೆಟ್ರೊವಿಕ್ ಮನೆತನ' ಎಂಬ ಶೀರ್ಷಿಕೆ ಕೊಟ್ಟು, ಮಾಂಟೆನೆಗ್ರೊದ ಒಬ್ಬ ಅರಸ, ಸರ್ಬಿಯಾದ ಒಬ್ಬ ಗಣಿತಜ್ಞ, ಒಬ್ಬ ಚಿತ್ರಕಲಾವಿದೆ ಮತ್ತು ಈ ಆಟಗಾರ, ಈ ನಾಲ್ವರೂ ಒಂದೇ ವಂಶದ ಕುಡಿಗಳೆಂದು ಬರೆಯಲಾಗಿತ್ತು. ಇದು ಸರಿಯಲ್ಲ. ಹೆಸರಿನ ಬಾಲವನ್ನು ತಪ್ಪಾಗಿ ಓದಿದ್ದಕ್ಕೂ ಇಲ್ಲದ ಮನೆತನವೊಂದನ್ನು ಕಟ್ಟಿದ್ದಕ್ಕೂ ಕಾರಣ ಒಂದೇ. ಆ ಬಾಲ ಏನು ಹೇಳುತ್ತದೆಂಬುದನ್ನು ಯಾರೂ ವಿಚಾರಿಸಲಿಲ್ಲ.

ಈ ಹೆಸರಿನ ಪರಿಚಯ ನನಗಾದದ್ದು ಪುಸ್ತಕದಿಂದಲ್ಲ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ನಾನು ಬಹುಕಾಲ ಗುಮಾಸ್ತನಾಗಿದ್ದೆ. ಹಡಗು ಬಂದಾಗ ನಾವಿಕರ ಪಟ್ಟಿಯನ್ನು ಪಾಸ್‌ಪೋರ್ಟುಗಳೊಡನೆ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಏಡ್ರಿಯಾಟಿಕ್ ಕಡಲತೀರದ ಕ್ರೊಯೇಷಿಯಾ, ಮಾಂಟೆನೆಗ್ರೊಗಳು ಹಿಂದಿನಿಂದಲೂ ನಾವಿಕರ ನಾಡುಗಳಾದ್ದರಿಂದ ಅಲ್ಲಿಯ ಹೆಸರುಗಳು ಪಟ್ಟಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದ್ದವು. ಒಮ್ಮೆ ಕೊತೊರ್ ಕೊಲ್ಲಿಯ ಕಡೆಯ ಕಪ್ತಾನನೊಬ್ಬನನ್ನು ನಾನು ಗಟ್ಟಿಯಾಗಿ 'ಪೆಟ್ರೊವಿಕ್' ಎಂದು ಕರೆದೆ. ಆತ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಟೈಪು ಮಾಡಿದ್ದ ಹೆಸರಿನ ಕೊನೆಯ ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಓರೆಗೆರೆ ಎಳೆದು, 'ಪೆತ್ರೊವಿಚ್' ಎಂದು ನಿಧಾನವಾಗಿ ಹೇಳಿ ಪೆನ್ನನ್ನು ಹಿಂತಿರುಗಿಸಿದ.

ಆ ಓರೆಗೆರೆಯೇ ಇಲ್ಲಿ ಮುಖ್ಯ. ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ ಮತ್ತು ಮಾಂಟೆನೆಗ್ರೊಗಳ ಮಾತನ್ನು ಬರೆಯುವ ಲ್ಯಾಟಿನ್ ಲಿಪಿಯಲ್ಲಿ 'ಸಿ' ಎಂಬ ಅಕ್ಷರಕ್ಕೆ ಮೂರು ರೂಪಗಳಿವೆ. ತಲೆಯ ಮೇಲೆ ಏನೂ ಇಲ್ಲದಿದ್ದರೆ ಅದರ ಉಚ್ಚಾರ 'ತ್ಸ', ಪುಟ್ಟ ಕೊಕ್ಕೆಯಿದ್ದರೆ ಗಡುಸಾದ 'ಚ', ಓರೆಗೆರೆಯಿದ್ದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ಹೇಳುವ ಮೆತ್ತನೆಯ 'ಚ'. ಈ ಮೂರರಲ್ಲಿ ಯಾವುದೂ 'ಕ' ಅಲ್ಲ. ಇಂಗ್ಲಿಷ್ ಸುದ್ದಿಸಂಸ್ಥೆಗಳ ಮೂಲಕ ಬರುವಾಗ ಗೆರೆ, ಕೊಕ್ಕೆಗಳೆಲ್ಲ ಉದುರಿ ಬರೀ 'ಸಿ' ಉಳಿಯುತ್ತದೆ, ನಮ್ಮ ಉಪಸಂಪಾದಕರು ಅದನ್ನು 'ಪಿಕ್ನಿಕ್' ಎಂದು ಓದಿದ ಹಾಗೆಯೇ ಓದುತ್ತಾರೆ. ತಮಾಷೆಯೆಂದರೆ ಆ ಆಟಗಾರ ಹುಟ್ಟಿದ ಊರಾದ ಶಿಬೆನಿಕ್‌ನ ಕೊನೆಯಲ್ಲಿ ಇರುವುದು ನಿಜವಾದ 'ಕ್'; ನಿಮ್ಮ ಬರಹದಲ್ಲಿ ಅದು 'ಸಿಬೆನಿಚ್' ಆಗಿತ್ತು.

ಇನ್ನು 'ಟ್ರೊ' ಎಂಬುದರ ವಿಷಯ. ಆ ಭಾಷೆಯ 'ತ' ನಮ್ಮ ದಂತ್ಯ 'ತ'ದಂತೆಯೇ ಹಲ್ಲಿನ ಬಳಿ ಹುಟ್ಟುವ ಧ್ವನಿ. ಇಂಗ್ಲಿಷಿಗೆ ಟ ಮತ್ತು ತ ಎಂಬ ಭೇದವಿಲ್ಲದ್ದರಿಂದ ಪರದೇಶದ ಪ್ರತಿಯೊಂದು ಹೆಸರಿಗೂ ನಾವು 'ಟ' ಹಾಕುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಎರಡಕ್ಕೂ ಬೇರೆ ಬೇರೆ ಅಕ್ಷರವಿರುವ ಕನ್ನಡಕ್ಕೆ ಆ ಬಡತನ ಏಕೆ? ಈ ಹೆಸರಿನ ಮೂಲದಲ್ಲಿರುವ ಪುರುಷನನ್ನು ಕನ್ನಡ ಬೈಬಲ್ ಇಂದಿಗೂ 'ಪೇತ್ರ' ಎಂದೇ ಕರೆಯುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಊರಿನಲ್ಲಿ ಕುಳಿತು ಅವನನ್ನು 'ಪೆಟ್ರ' ಎನ್ನಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಹೆಸರಿನ ಕಟ್ಟು ಬಹಳ ಸರಳ. ಪೇತ್ರನಿಗೆ ಆ ಭಾಷೆಯಲ್ಲಿ 'ಪೆತಾರ್' ಎನ್ನುತ್ತಾರೆ. 'ಪೇತ್ರನ' ಎನ್ನಬೇಕಾದಾಗ ನಡುವಿನ ಸ್ವರ ಬಿದ್ದುಹೋಗಿ 'ಪೆತ್ರೊವ್' ಆಗುತ್ತದೆ. ಅದಕ್ಕೆ ಚಿಕ್ಕದು, ಮರಿ ಎಂಬ ಅರ್ಥದ 'ಇಚ್' ಸೇರಿದರೆ 'ಪೆತ್ರೊವಿಚ್', ಅಂದರೆ ಪೇತ್ರನ ಕಂದ. ನಮ್ಮ ಕೊಂಕಣಿಯ 'ಪೆದ್ರುಚೊ ಪೂತ್' ಎಂಬುದಕ್ಕೂ ಇದಕ್ಕೂ ಅರ್ಥದಲ್ಲಿ ಏನೂ ವ್ಯತ್ಯಾಸವಿಲ್ಲ. ಮಂಗಳೂರಿನವರಿಗೆ ಇದನ್ನು ವಿವರಿಸುವುದು ಇನ್ನೂ ಸುಲಭ, ಏಕೆಂದರೆ ಇದೇ ಬಗೆಯ ಹೆಸರುಗಳು ಇಲ್ಲಿಯ ಇಗರ್ಜಿಗಳ ದಾಖಲೆ ಪುಸ್ತಕಗಳ ತುಂಬ ಇವೆ. ಪೋರ್ಚುಗೀಸ್ ಭಾಷೆಯಲ್ಲಿ ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ, ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ, ಗೊನ್ಸಾಲ್ವಿಸ್ ಎಂದರೆ ಗೊನ್ಸಾಲೊನ ಮಗ. ಪಿರೇಸ್ ಎಂದರೆ ಪೆದ್ರುವಿನ ಮಗನೇ. ಹಾಗಾಗಿ ನಮ್ಮ ಪಿರೇಸರೂ ಬೆಲ್‌ಗ್ರೇಡಿನ ಪೆತ್ರೊವಿಚ್‌ರೂ ಹೆಸರಿನ ಮಟ್ಟಿಗೆ ಒಂದೇ. ಆದರೆ ಅವರನ್ನು ನೆಂಟರೆಂದು ಯಾರೂ ಹೇಳುವುದಿಲ್ಲ. ಕಾಸರಗೋಡಿನಿಂದ ಕುಂದಾಪುರದವರೆಗಿನ ಫೆರ್ನಾಂಡಿಸರೆಲ್ಲ ಒಂದೇ ಮನೆಯವರೆಂದು ಬರೆದರೆ ನಿಮ್ಮ ಕಚೇರಿಗೆ ಮರುದಿನ ಎಷ್ಟು ಪತ್ರಗಳು ಬಂದಾವೆಂದು ಊಹಿಸಿ.

ಪೇತ್ರ ಎಂಬುದು ಕೆಥೊಲಿಕರಿಗೂ ಆರ್ಥೊಡಾಕ್ಸ್ ಕ್ರೈಸ್ತರಿಗೂ ಸಮಾನವಾಗಿ ಪೂಜ್ಯವಾದ ಹೆಸರು. ಪೇತ್ರರಿದ್ದ ಊರುಗಳಲ್ಲೆಲ್ಲ ಪೇತ್ರನ ಮಕ್ಕಳು ಹುಟ್ಟಿದರು. ಇಂದು ಈ ಹೆಸರು ಸರ್ಬರಲ್ಲಿಯೂ ಕ್ರೊವಾಟರಲ್ಲಿಯೂ ಮಾಂಟೆನೆಗ್ರೊದವರಲ್ಲಿಯೂ ಇದೆ. ಸರ್ಬಿಯಾದ ಅತಿ ಸಾಮಾನ್ಯ ಹೆಸರುಗಳಲ್ಲಿ ಇದೂ ಒಂದು. ರಷ್ಯದ 'ಪೆತ್ರೊವಿಚ್' ಇದಕ್ಕಿಂತ ಬೇರೆ ಎಂಬುದನ್ನೂ ಹೇಳಿಬಿಡಬೇಕು. 1904ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಇವಾನ್ ಪೆತ್ರೊವಿಚ್ ಪಾವ್ಲೊವ್ ಅವರ ಕುಲನಾಮ ಪಾವ್ಲೊವ್. ನಡುವಿನ ಪೆತ್ರೊವಿಚ್ ಅವರ ತಂದೆಯ ಹೆಸರನ್ನಷ್ಟೇ ಹೇಳುತ್ತದೆ, ಅವರ ಮಕ್ಕಳಿಗೆ ಅದು ಮುಂದುವರಿಯುವುದಿಲ್ಲ.

ಸರ್ಬಿಯಾದಲ್ಲಿಯೂ ಒಂದು ಕಾಲದಲ್ಲಿ ಹಾಗೆಯೇ ಇತ್ತು. ಕುಲನಾಮವೆಂಬುದು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿತ್ತು. ಪೆತಾರ್ ಯೊವಾನೊವಿಚ್ ಎಂಬ ರೈತನ ಮಗ ಜೊರ್ಜೆಯನ್ನು ಜನ ಜೊರ್ಜೆ ಪೆತ್ರೊವಿಚ್ ಎಂದರು. 1804ರಲ್ಲಿ ಆಟೊಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಸರ್ಬರ ನಾಯಕ ಅವನೇ. ತುರ್ಕಿ ಭಾಷೆಯ 'ಕರಾ', ಅಂದರೆ ಕಪ್ಪು, ಅವನ ಹೆಸರಿಗೆ ಅಂಟಿಕೊಂಡು ಇತಿಹಾಸ ಅವನನ್ನು ಕರಜೊರ್ಜೆ ಎಂದೇ ನೆನಪಿಟ್ಟಿತು. ಅವನ ಸಂತಾನದವರು ಕರಜೊರ್ಜೆವಿಚ್‌ರಾದರು, ಮುಂದೆ ಸರ್ಬಿಯಾದ ಮತ್ತು ಈ ನಾಡುಗಳೆಲ್ಲ ಒಂದಾಗಿದ್ದ ಯುಗೊಸ್ಲಾವಿಯಾದ ದೊರೆಗಳಾದರು. ಅಜ್ಜ ಯೊವಾನೊವಿಚ್, ಮಗ ಪೆತ್ರೊವಿಚ್, ಮೊಮ್ಮಗ ಕರಜೊರ್ಜೆವಿಚ್. ಅದೇ ದಂಗೆಯಲ್ಲಿ ಹೋರಾಡಿ 1813ರಲ್ಲಿ ನೆಗೊತಿನ್ ಕೋಟೆಯ ರಕ್ಷಣೆಯಲ್ಲಿ ಮಡಿದ ವೆಲ್ಕೊ ಎಂಬ ವೀರನೂ ಪೆತ್ರೊವಿಚ್‌ನೇ; ಅವನ ತಂದೆಯ ಹೆಸರೂ ಪೆತಾರ್, ಅಷ್ಟೇ. ಒಂದೇ ದಂಡಿನ ಇಬ್ಬರು ಪೆತ್ರೊವಿಚ್‌ರು ಪರಸ್ಪರ ಏನೂ ಆಗಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರಿ ದಾಖಲೆಗಳು ಬಿಗಿಯಾದ ಮೇಲೆಯೇ ಈ ಹೆಸರುಗಳು ಅಲ್ಲಿಗಲ್ಲಿಗೆ ನಿಂತವು. ಕೆಥೊಲಿಕ್ ಕ್ರೊಯೇಷಿಯಾದಲ್ಲಿ ಮದುವೆ, ಜ್ಞಾನಸ್ನಾನಗಳ ದಾಖಲೆಯನ್ನು ಚರ್ಚು ಕಡ್ಡಾಯಗೊಳಿಸಿದ್ದರಿಂದ ಇದು ಬಹಳ ಮೊದಲೇ ನಡೆಯಿತು.

ಹಾಗಾದರೆ ಪೆತ್ರೊವಿಚ್ ಎಂಬ ಮನೆತನವೇ ಇಲ್ಲವೇ? ಒಂದು ಇದೆ, ಮತ್ತು ನಮ್ಮ ತುಳುನಾಡಿನವರು ಅದರ ಕಥೆಯನ್ನು ತಿಳಿಯಲೇಬೇಕು. ಮಾಂಟೆನೆಗ್ರೊವನ್ನು 1697ರಿಂದ 1918ರವರೆಗೆ ಆಳಿದ್ದು ನ್ಯೆಗುಷಿ ಎಂಬ ಹಳ್ಳಿಯ ಪೆತ್ರೊವಿಚ್‌ರು. ಊರಿನ ಹೆಸರನ್ನು ಸೇರಿಸಿ ಅವರನ್ನು ಪೆತ್ರೊವಿಚ್-ನ್ಯೆಗೊಷ್ ಎನ್ನುತ್ತಾರೆ. ನಮ್ಮಲ್ಲಿ ಬೀಡು, ಗುತ್ತು ಎಂಬ ಹಿರಿಮನೆಗಳ ಹೆಸರು ಸೇರಿಸಿ ಒಬ್ಬ ಶೆಟ್ಟರನ್ನು ಇನ್ನೊಬ್ಬ ಶೆಟ್ಟರಿಂದ ಬೇರೆಯಾಗಿ ಗುರುತಿಸುವಂತೆ. ಅಲ್ಲಿಯ ಅರಸು ಒಂದೂವರೆ ಶತಮಾನ ಕಾಲ ಧರ್ಮಾಧ್ಯಕ್ಷನೂ ಆಗಿರುತ್ತಿದ್ದ. ಬ್ರಹ್ಮಚಾರಿ ಸನ್ಯಾಸಿಯಾದ ಬಿಷಪನಿಗೆ ಮಕ್ಕಳಿರಲು ಸಾಧ್ಯವಿಲ್ಲದ್ದರಿಂದ ಪಟ್ಟವು ಅದೇ ಮನೆಯ ಇನ್ನೊಬ್ಬ ಸನ್ಯಾಸಿಗೆ, ಸಾಮಾನ್ಯವಾಗಿ ಸೋದರನ ಮಗನಿಗೋ ಹತ್ತಿರದ ದಾಯಾದಿಗೋ ಹೋಗುತ್ತಿತ್ತು. ಇದನ್ನು ಮೊದಲು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಅಳಿಯಸಂತಾನ ಕಟ್ಟು. ಆದರೆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ. ನಮ್ಮಲ್ಲಿ ಪಟ್ಟವೂ ಆಸ್ತಿಯೂ ಹೋಗುತ್ತಿದ್ದುದು ಸೋದರಿಯ ಮಗನಿಗೆ, ಅವರಲ್ಲಿ ಸೋದರನ ಮಗನಿಗೆ. ಸಾಲ್ಯಾನ್, ಕೋಟ್ಯಾನ್, ಬಂಗೇರ, ಕರ್ಕೇರ ಎಂಬ ನಮ್ಮ ಬರಿಗಳು, ಅಂದರೆ ಕುಲದ ಹೆಸರುಗಳು, ತಾಯಿಯ ಕಡೆಯಿಂದ ಬಂದವು; ಪೆತ್ರೊವಿಚ್‌ನಲ್ಲಿರುವ 'ಇಚ್' ತೋರಿಸುವುದು ತಂದೆಯ ಕಡೆಯನ್ನು. ಇಂದು ನಮ್ಮ ಮಕ್ಕಳ ಶಾಲಾ ದಾಖಲೆಯಲ್ಲಿ ತಂದೆಯ ಬರಿಯನ್ನೇ ಕುಲನಾಮವಾಗಿ ಬರೆಸಿ, ಮದುವೆಯ ಮಾತು ಬಂದಾಗ ಮಾತ್ರ ತಾಯಿಯ ಬರಿಯನ್ನು ಹುಡುಕುವ ಪರಿಪಾಠ ಬಂದಿರುವುದು ಬೇರೆ ಮಾತು.

ಆ ಮನೆತನದ ಅತ್ಯಂತ ಪ್ರಸಿದ್ಧ ವ್ಯಕ್ತಿ ಹದಿನೇಳನೆಯ ವಯಸ್ಸಿನಲ್ಲಿ, 1830ರಲ್ಲಿ, ದೊಡ್ಡಪ್ಪನ ಪಟ್ಟವೇರಿದ ರಾದೆ ಎಂಬ ಹುಡುಗ. ಸನ್ಯಾಸ ಪಡೆದಾಗ ದೊಡ್ಡಪ್ಪನ ಹೆಸರಾದ ಪೆತಾರ್ ಎಂಬುದನ್ನೇ ಇಟ್ಟುಕೊಂಡು ಎರಡನೆಯ ಪೆತಾರ್ ಪೆತ್ರೊವಿಚ್-ನ್ಯೆಗೊಷ್ ಆದ. 1847ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಅವನ ನಾಟಕೀಯ ಕಾವ್ಯ ಆ ಭಾಷೆಯ ಅತಿ ದೊಡ್ಡ ಕೃತಿಗಳಲ್ಲಿ ಒಂದೆಂಬ ಮನ್ನಣೆ ಪಡೆದಿದೆ. ಕ್ಷಯರೋಗದಿಂದ 1851ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೆಂಟು ತುಂಬಿರಲಿಲ್ಲ. ಅವನ ನಂತರದವನು ಬಿಷಪಗಿರಿಯನ್ನು ಬಿಟ್ಟು ಲೌಕಿಕ ಅರಸನಾದ. ಕೊನೆಯವನಾದ ನಿಕೊಲಾ 1910ರಲ್ಲಿ ತನ್ನನ್ನು ರಾಜನೆಂದು ಘೋಷಿಸಿಕೊಂಡ. ಅವನ ಹೆಣ್ಣುಮಕ್ಕಳಲ್ಲಿ ಒಬ್ಬಳು ಇಟಲಿಯ ರಾಣಿ, ಇಬ್ಬರು ರಷ್ಯದ ರಾಜಮನೆತನದ ಸೊಸೆಯರು. ಹಿರಿಯಳಾದ ಝೊರ್ಕಾಳನ್ನು ಕೈಹಿಡಿದವನು ಕರಜೊರ್ಜೆಯ ಮೊಮ್ಮಗ. ಈ ಕಾರಣದಿಂದ ನಿಕೊಲಾನನ್ನು 'ಯೂರೋಪಿನ ಮಾವ' ಎಂದು ಕರೆಯುತ್ತಿದ್ದರು. 1918ರ ನವೆಂಬರಿನಲ್ಲಿ ಪೊದ್ಗೊರಿತ್ಸದ ಸಭೆ ಅವನನ್ನು ಪಟ್ಟದಿಂದ ಇಳಿಸಿ ನಾಡನ್ನು ಸರ್ಬಿಯಾಕ್ಕೆ ಸೇರಿಸಿದಾಗ ಸರ್ಬಿಯಾದಲ್ಲಿ ರಾಜಪ್ರತಿನಿಧಿಯಾಗಿದ್ದವನು ಝೊರ್ಕಾಳ ಮಗ, ಅಂದರೆ ನಿಕೊಲಾನದೇ ಮಗಳ ಮಗ. ಒಬ್ಬ ಪೆತ್ರೊವಿಚ್‌ನ ಸಿಂಹಾಸನ ಇನ್ನೊಬ್ಬ ಪೆತ್ರೊವಿಚ್‌ನ ಮರಿಮಗನ ಪಾಲಾಯಿತು. ಮದುವೆಯ ಸಂಬಂಧ ಬೆಳೆಯುವ ಮೊದಲು ಆ ಎರಡು ಮನೆಗಳಿಗೂ ಹೆಸರೊಂದನ್ನು ಬಿಟ್ಟು ಬೇರೇನೂ ಸಮಾನವಾಗಿರಲಿಲ್ಲ.

ನಿಮ್ಮ ಚೌಕಟ್ಟಿನ ಗಣಿತಜ್ಞನಿಗೂ ಈ ರಾಜಮನೆತನಕ್ಕೂ ನಂಟಿಲ್ಲ. 1868ರಲ್ಲಿ ಬೆಲ್‌ಗ್ರೇಡಿನಲ್ಲಿ ಹುಟ್ಟಿದ ಮಿಹಾಯ್ಲೊ ಪೆತ್ರೊವಿಚ್ ಈ ಹೆಸರಿನವರಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದ ವ್ಯಕ್ತಿ. ಮಲ್ಪೆ, ಬಂದರು, ಉಳ್ಳಾಲದ ಕಡೆಯ ಓದುಗರಿಗೂ ಹಾಗೆಯೇ ಅನಿಸೀತು. ಪ್ಯಾರಿಸಿನಲ್ಲಿ 1894ರಲ್ಲಿ ಡಾಕ್ಟರೇಟ್ ಪಡೆದು ಬಂದು ಬೆಲ್‌ಗ್ರೇಡಿನಲ್ಲಿ ಪ್ರಾಧ್ಯಾಪಕರಾದ ಅವರು, ಸಾವಾ ಮತ್ತು ಡ್ಯಾನ್ಯೂಬ್ ಕೂಡುವ ಆ ಊರಿನಲ್ಲಿ ಬಾಲ್ಯದಿಂದಲೇ ಬಲೆ ಹಿಡಿದವರು. ಹವ್ಯಾಸಕ್ಕೆಂದು ಗಾಳ ಹಾಕಿ ದಡದಲ್ಲಿ ಕೂರುವ ಪೈಕಿಯಲ್ಲ. ಬೆಸ್ತರ ಕೈಕೆಳಗೆ ಕಲಿತು, ಕಸುಬಿನ ಪರೀಕ್ಷೆ ಕೊಟ್ಟು, ಪೂರ್ಣ ಪ್ರಮಾಣದ ಮೀನುಗಾರರೆಂದು ಪತ್ರ ಪಡೆದವರು. ನಮ್ಮಲ್ಲಿ ಒಬ್ಬ ಪ್ರೊಫೆಸರು ಮೀನುದೋಣಿ ನಡೆಸುವ ತಾಂಡೇಲರ ಸಾಲಿನಲ್ಲಿ ಸಮಾನವಾಗಿ ಕುಳಿತಂತೆ. ಹೊಳೆಯ ಮೀನುಗಾರನಿಗೆ ಅಲ್ಲಿ 'ಅಲಾಸ್' ಎನ್ನುತ್ತಾರೆ; ಹಂಗೇರಿಯನ್ ಭಾಷೆಯಿಂದ ಬಂದ ಆ ಶಬ್ದ ಅವರ ಹೆಸರಿಗೆ ಶಾಶ್ವತವಾಗಿ ಸೇರಿಕೊಂಡು, ಅವರು ಇಂದಿಗೂ ಮಿಹಾಯ್ಲೊ ಪೆತ್ರೊವಿಚ್ ಅಲಾಸ್. ಬೀದಿಗೊಬ್ಬ ಪೆತ್ರೊವಿಚ್ ಇರುವ ನಾಡಿನಲ್ಲಿ ಇಂಥ ಅಡ್ಡಹೆಸರು ಅಲಂಕಾರವಲ್ಲ, ಅಗತ್ಯ. ಪಾತ್ರೆಗಳಲ್ಲಿ ನೀರಿನ ಮಟ್ಟ ಏರಿಳಿಯುವುದನ್ನು ಬಳಸಿ ಅವಕಲ ಸಮೀಕರಣಗಳನ್ನು, ಅಂದರೆ ಬದಲಾವಣೆಯ ದರವನ್ನು ಹೇಳುವ ಲೆಕ್ಕಗಳನ್ನು, ಬಿಡಿಸುವ ಯಂತ್ರವೊಂದನ್ನು ಅವರು ರೂಪಿಸಿದರು, ಅದು 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಇತ್ತು. ಜೀವಮಾನವಿಡೀ ನೀರಿನೊಡನೆ ಕಳೆದವನಿಗೆ ಲೆಕ್ಕಕ್ಕೂ ನೀರೇ ಒದಗಿದ್ದು ನನಗೆ ಸಹಜವಾಗಿ ತೋರುತ್ತದೆ. ಅವರು ತೀರಿಕೊಂಡದ್ದು 1943ರಲ್ಲಿ.

ಚಿತ್ರಕಲಾವಿದೆ ನಾದೆಝ್ದ ಪೆತ್ರೊವಿಚ್ ಅವರದು ಮತ್ತೊಂದೇ ಕುಟುಂಬ. 1873ರಲ್ಲಿ ಚಾಚಾಕ್‌ನಲ್ಲಿ ಹುಟ್ಟಿ, ಮ್ಯೂನಿಕ್‌ನಲ್ಲಿ ಕಲಿತು, ಸರ್ಬಿಯಾದ ಚಿತ್ರಕಲೆಗೆ ದಟ್ಟ ಬಣ್ಣದ ಹೊಸ ದಾರಿಯನ್ನು ತೆರೆದವರು. ಬಾಲ್ಕನ್ ಯುದ್ಧಗಳಲ್ಲಿಯೂ ಮೊದಲ ಮಹಾಯುದ್ಧದಲ್ಲಿಯೂ ದಾದಿಯಾಗಿ ಸ್ವಯಂಸೇವೆ ಮಾಡುತ್ತ 1915ರಲ್ಲಿ ವಾಲ್ಯೆವೊದಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದರು. ಸರ್ಬಿಯಾದ 200 ದಿನಾರ್ ನೋಟಿನಲ್ಲಿ ಅವರ ಮುಖವಿದೆ, 20ರ ನೋಟಿನಲ್ಲಿ ನ್ಯೆಗೊಷ್‌ನದು. ಒಂದೇ ಕಿಸೆಯಲ್ಲಿ ಇಬ್ಬರು ಪೆತ್ರೊವಿಚ್‌ರು. ಕವಿ ರಾಸ್ತ್ಕೊ ಪೆತ್ರೊವಿಚ್ ಮಾತ್ರ ನಾದೆಝ್ದ ಅವರ ಒಡಹುಟ್ಟಿದ ತಮ್ಮ. ನಂಟು ಇರುವಲ್ಲಿ ಇದೆ ಎನ್ನಲೇಬೇಕು. ಮಗನೆಂದು ಹೇಳುವ ಹೆಸರನ್ನು ಮಗಳೂ ಹೊರುವುದು ವಿಚಿತ್ರವೆನಿಸಬಹುದು, ಆದರೆ ಮಂಗಳೂರಿನ ಶ್ರೀಮತಿ ಫೆರ್ನಾಂಡಿಸ್ ಅವರನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ. 1967ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಪಡೆದ ನಿರ್ದೇಶಕರೊಬ್ಬರು ಅಲೆಕ್ಸಾಂದರ್ ಪೆತ್ರೊವಿಚ್. ನಿಮ್ಮ ಆಟಗಾರನ ಅಣ್ಣ, ಬಾಸ್ಕೆಟ್‌ಬಾಲ್ ತರಬೇತುದಾರ, ಅವರೂ ಅಲೆಕ್ಸಾಂದರ್ ಪೆತ್ರೊವಿಚ್. ಮುಂದೆ ಎಂದಾದರೂ ಒಬ್ಬರ ಬರಹಕ್ಕೆ ಇನ್ನೊಬ್ಬರ ಚಿತ್ರ ಅಚ್ಚಾಗದಿರಲಿ ಎಂದು ಈಗಲೇ ಹೇಳಿಡುತ್ತಿದ್ದೇನೆ.

ಇನ್ನು ದ್ರಾಝೆನ್ ಪೆತ್ರೊವಿಚ್. 1964ರಲ್ಲಿ ಶಿಬೆನಿಕ್‌ನಲ್ಲಿ ಹುಟ್ಟಿದ ಈತನ ತಂದೆ ಸರ್ಬ, ತಾಯಿ ಕ್ರೊವಾಟ್. ಹೆಸರಿನಿಂದ ಮತವನ್ನೂ ಕುಲವನ್ನೂ ಊಹಿಸುವ ಚಟ ನಮ್ಮಲ್ಲಿಯೂ ಬೇಕಾದಷ್ಟಿದೆ. ಪೆತ್ರೊವಿಚ್ ಎಂಬ ಹೆಸರಿನ ಮುಂದೆ ಅದು ಸೋಲುತ್ತದೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾಕ್ಕಾಗಿ ಆಡಿ ಬೆಳ್ಳಿ ಗೆದ್ದ. 1992ರ ಬಾರ್ಸಿಲೋನಾದಲ್ಲಿ ಅದೇ ಬೆಳ್ಳಿ, ಈ ಬಾರಿ ಹೊಸ ದೇಶ ಕ್ರೊಯೇಷಿಯಾಕ್ಕಾಗಿ. 'ಡ್ರೀಮ್ ಟೀಮ್' ಎಂದು ಹೆಸರಾದ ಅಮೆರಿಕದ ತಂಡದ ಎದುರು ಫೈನಲ್ 117-85ರಿಂದ ಕೈತಪ್ಪಿತಾದರೂ ಕ್ರೊಯೇಷಿಯಾದ ಪರವಾಗಿ ಅತಿ ಹೆಚ್ಚು, 24 ಅಂಕ ಗಳಿಸಿದವನು ಅವನೇ. ಅವನು 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 28. ಅವನ ಆಟದ ಬಗ್ಗೆ ನಿಮ್ಮ ಲೇಖಕರು ಬರೆದದ್ದು ಚೆನ್ನಾಗಿದೆ, ಅಲ್ಲಿ ನನ್ನ ತಕರಾರಿಲ್ಲ.

ಇಷ್ಟೆಲ್ಲ ಒಂದು 'ಚ್'ಗಾಗಿಯೇ ಎಂದು ನಿಮ್ಮ ಸಹಾಯಕರು ಕೇಳಬಹುದು. ಹಂಗೇರಿಯ ರಾಷ್ಟ್ರಕವಿ ಪೆತೋಫಿ ಹುಟ್ಟಿದಾಗ ಅವರ ಮನೆತನದ ಹೆಸರು ಪೆತ್ರೊವಿಚ್ ಎಂದಿತ್ತು. 1842ರಲ್ಲಿ ಹಂಗೇರಿಯನ್ ಹೆಸರನ್ನು ಇಟ್ಟುಕೊಳ್ಳಲು ಹೊರಟಾಗ ಅವರು ಆ ಬಾಲವನ್ನು ಬಿಸಾಡಲಿಲ್ಲ. 'ಇಚ್' ಇದ್ದ ಕಡೆ ಅಲ್ಲಿ ಮಗನೆಂಬ ಅರ್ಥದ 'ಫಿ' ಕೂರಿಸಿದರು. ದೇಶ, ಭಾಷೆಗಳನ್ನು ಬದಲಿಸಿದಾಗಲೂ ಉಳಿಸಿಕೊಳ್ಳುವಷ್ಟು ಬೆಲೆ ಆ ಒಂದು ಅಕ್ಷರಕ್ಕಿದೆ. 'ವಿಕ್' ಎಂದು ಬರೆದರೆ ಅದು ಯಾರ ಮಗನೂ ಆಗುವುದಿಲ್ಲ.

ಸರ್ಬಿಯನ್ ಬರವಣಿಗೆಯನ್ನು ತಿದ್ದಿ, 1818ರಲ್ಲಿ ನಿಘಂಟು ಹೊರತಂದ ವುಕ್ ಕರಜಿಚ್ ಪಾಲಿಸಿದ ಸೂತ್ರ 'ಮಾತಾಡಿದಂತೆ ಬರೆ' ಎಂಬುದು. ಆ ಕಾರಣದಿಂದ ಸರ್ಬರು ಪರದೇಶದ ಹೆಸರುಗಳನ್ನೂ ಕಿವಿಗೆ ಕೇಳಿದಂತೆಯೇ ಬರೆದುಕೊಳ್ಳುತ್ತಾರೆ. ಕನ್ನಡದ ಕ್ರಮವೂ ಅದೇ ಆಗಿರುವಾಗ, ಇಂಗ್ಲಿಷಿನ ಅಡ್ಡದಾರಿ ಹಿಡಿದು ತಪ್ಪು ಮಾಡುವುದಕ್ಕಿಂತ ನೇರ ದಾರಿಯೇ ಹತ್ತಿರ. ಜೊಕೊವಿಚ್, ಮೊದ್ರಿಚ್, ಯೊಕಿಚ್ ಎಂಬ ಹೆಸರುಗಳು ನಿಮ್ಮ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತವೆ. ಒಂದು ಸಣ್ಣ ಚೀಟಿಯನ್ನು ಕ್ರೀಡಾ ವಿಭಾಗದ ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಿತು.

ಚೀಟಿ ಬರೆಯುವಾಗ ಒಂದು ಎಚ್ಚರ ಇರಲಿ. ಕೊನೆಯಲ್ಲಿ 'ಸಿ' ಕಂಡಲ್ಲೆಲ್ಲ 'ಚ್' ಹಾಕಿದರೂ ತಪ್ಪಾಗುತ್ತದೆ. ದ್ರಾಝೆನ್‌ನ ಜೊತೆಗಾರನಾಗಿದ್ದ, ನಿಮ್ಮ ಬರಹದಲ್ಲಿ 'ಡಿವಾಕ್' ಎಂದು ಅಚ್ಚಾದ ಆಟಗಾರನ ಹೆಸರಿನ ಮೂಲದಲ್ಲಿ ಗೆರೆಯೂ ಇಲ್ಲ, ಕೊಕ್ಕೆಯೂ ಇಲ್ಲ, ಆತ ದಿವಾತ್ಸ್. ಆ 'ತ್ಸ' ಕೊಂಕಣಿ ಮನೆಮಾತಿನವರ ನಾಲಿಗೆಯಲ್ಲಿ ದಿನಕ್ಕೆ ನೂರು ಸಲ ಬರುವ ಧ್ವನಿ. ನಿಮ್ಮ ಕಚೇರಿಯಲ್ಲಿ ಅಂಥವರು ಒಬ್ಬರಾದರೂ ಇರುತ್ತಾರೆ, ಅವರ ಬಾಯಲ್ಲಿ ಒಮ್ಮೆ ಹೇಳಿಸಿ ನೋಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗುಮಾಸ್ತ, ಹಳೆಯ ಚಂದಾದಾರ
ಸುರತ್ಕಲ್, ಮಂಗಳೂರು